ಕಾಂಡ್ಲಾ ಕಾಡಿನ ದೊಡ್ಡ ಜರೀಗಿಡ: ಅಕ್ರೋಸ್ಟಿಕಮ್ ಆರಿಯಮ್ಮೋ, ಸ್ಪೆಸಿಯೋಸಮ್ಮೋ?

ಅಳಿವೆದಂಡೆ

ಎಲ್ಲರಿಗೂ ನಮಸ್ಕಾರ. ಒಂದು ಜರೀಗಿಡ ಗುರುತಿಸಲು ನಿಮ್ಮ ಸಹಾಯ ಬೇಕು. ಕಾಂಡ್ಲಾ ಕಾಡಿನ (ಮ್ಯಾಂಗ್ರೋವ್) ನೆಲದ ಕಡೆಯ ಅಂಚಿನಲ್ಲಿ ಪೊದೆ ಪೊದೆಯಾಗಿ ಬೆಳೆದಿದೆ. ದೊಡ್ಡ ಉಬ್ಬರ ಬಂದಾಗ ಮಾತ್ರ ಅಲ್ಲಿಗೆ ನೀರು ತಲುಪುತ್ತದೆ. ಗರಿಗಳು ಆಳೆತ್ತರಕ್ಕಿಂತ ಜಾಸ್ತಿ. ನಡುದಂಟಿನ ಎರಡೂ ಕಡೆ ಉದ್ದನೆಯ ಕಿರುಎಲೆಗಳು, ಮುಟ್ಟಿದರೆ ದಪ್ಪ, ಗಟ್ಟಿ. ಹೊಸದಾಗಿ ಬಿಚ್ಚಿಕೊಳ್ಳುತ್ತಿರುವ ಗರಿಯಲ್ಲಿ ಸ್ವಲ್ಪ ಕೆಂಪು ಛಾಯೆ ಇದೆ.

ಫೋನಿನ ಆಪ್ ಮೂರು ಹೆಸರು ಕೊಡುತ್ತಿದೆ: ಅಕ್ರೋಸ್ಟಿಕಮ್ ಆರಿಯಮ್, ಅಕ್ರೋಸ್ಟಿಕಮ್ ಸ್ಪೆಸಿಯೋಸಮ್, ಸ್ಟೆನೋಕ್ಲೀನಾ ಪಲುಸ್ಟ್ರಿಸ್. ಫೋಟೋ ಬದಲಾದರೆ ಹೆಸರಿನ ಕ್ರಮವೂ ಬದಲಾಗುತ್ತದೆ. ನನಗೆ ಹೆಸರು ಗೊತ್ತಾದರೆ ಸಾಲದು, ಯಾಕೆ ಆ ಹೆಸರು ಅನ್ನೋದೂ ಗೊತ್ತಾಗಬೇಕು. ಸದ್ಯಕ್ಕೆ ಎರಡು ಫೋಟೋ ಹಾಕಿದ್ದೇನೆ. ಎರಡೂ ದೂರದಿಂದ ತೆಗೆದವು.

ನೆರಳುಗಿಡ

ಚಿಗುರು ಕೆಂಪಾಗಿದೆ, ಜೌಗು ಜಾಗ, ಎಲೆಗೆ ಹೊಳಪಿದೆ. ನನ್ನ ಮತ ಸ್ಟೆನೋಕ್ಲೀನಾಗೆ. ಅದರ ಕೆಂಪು ಚಿಗುರನ್ನು ಆಗ್ನೇಯ ಏಷ್ಯಾದ ಹಲವು ಕಡೆ ಸೊಪ್ಪಿನ ಹಾಗೆ ಬೇಯಿಸಿ ತಿನ್ನುತ್ತಾರೆ. ಜೌಗು ನೆಲದಲ್ಲಿ ಅದು ದಟ್ಟವಾಗಿ ಹಬ್ಬುತ್ತದೆ. ಫೋಟೋದ ಒಟ್ಟು ನೋಟ ಹಾಗೇ ಇದೆ ಅಲ್ವಾ?

ಗರಿಗಣ್ಣು

ಒಟ್ಟು ನೋಟದಿಂದಲೇ ಈ ಗೊಂದಲ ಶುರುವಾಗೋದು. ನಡುದಂಟಿನ ಎರಡೂ ಬದಿ ಉದ್ದ ಎಲೆ ಜೋಡಿಸಿಕೊಂಡಿರುವ ದೊಡ್ಡ ಜರೀಗಿಡಗಳು ಉಷ್ಣವಲಯದ ತಗ್ಗು ನೆಲದಲ್ಲಿ ಹಲವು ಇವೆ. ಹತ್ತು ಹೆಜ್ಜೆ ದೂರದಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಕೆಂಪು ಚಿಗುರು ಒಂದು ಗುರುತೇ ಅಲ್ಲ ಅಂತ ನಾನು ಹೇಳುತ್ತೇನೆ. ಸ್ಟೆನೋಕ್ಲೀನಾದಲ್ಲಿ ಚಿಗುರು ಕೆಂಪು, ಬ್ಲೆಕ್ನಾಪ್ಸಿಸ್ ಓರಿಯೆಂಟಾಲಿಸ್ ಅನ್ನುವ ಇನ್ನೊಂದು ದೊಡ್ಡ ಜರೀಗಿಡದಲ್ಲೂ ಕೆಂಪು. ಬಿಸಿಲು, ಚಿಗುರಿನ ವಯಸ್ಸು ಎರಡರ ಮೇಲೂ ಬಣ್ಣ ಏರುಪೇರಾಗುತ್ತದೆ.

ಅಳಿವೆದಂಡೆಯವರೇ, ಮತ್ತೆ ಹೋಗುವುದಾದರೆ ದಯವಿಟ್ಟು ಇವುಗಳ ಫೋಟೋ ತನ್ನಿ. ಗಿಡದ ಬುಡ. ಗರಿಯ ಮಧ್ಯಭಾಗದ ಒಂದು ಕಿರುಎಲೆಯ ತುದಿ, ಹತ್ತಿರದಿಂದ. ಅದೇ ಎಲೆಯನ್ನು ಬಿಸಿಲಿಗೆ ಹಿಡಿದು ಹಿಂದಿನಿಂದ ಬೆಳಕು ಬರುವ ಹಾಗೆ ನರಗಳ ಫೋಟೋ. ಎಲ್ಲಕ್ಕಿಂತ ಮುಖ್ಯವಾಗಿ, ಬೀಜಕ (ಜರೀಗಿಡದಲ್ಲಿ ಬೀಜದ ಬದಲು ಇರುವ ಪುಡಿ, ಸ್ಪೋರ್) ಬಿಟ್ಟಿರುವ ಒಂದು ಇಡೀ ಗರಿ, ಬುಡದಿಂದ ತುದಿಯವರೆಗೆ. ಎಲೆಯ ಅಡಿಭಾಗ ತಿರುಗಿಸಿ ನೋಡದೆ ಜರೀಗಿಡಕ್ಕೆ ಹೆಸರಿಡಬಾರದು.

ನೆರಳುಗಿಡ

ನರಗಳನ್ನು ನೋಡಿದರೆ ಏನು ಗೊತ್ತಾಗುತ್ತದೆ? ನಾನು ಇಲ್ಲಿಯವರೆಗೆ ಬೀಜಕದ ಗುಂಪುಗಳನ್ನಷ್ಟೇ ನೋಡುತ್ತಿದ್ದೆ.

ಗರಿಗಣ್ಣು

ಬಹಳ ಗೊತ್ತಾಗುತ್ತದೆ ಮೇಡಂ. ಅಕ್ರೋಸ್ಟಿಕಮ್‌ನಲ್ಲಿ ನರಗಳು ಒಂದಕ್ಕೊಂದು ಸೇರಿ ಇಡೀ ಎಲೆಯ ತುಂಬ ಬಲೆ ಕಟ್ಟುತ್ತವೆ. ನಡುನರದಿಂದ ಅಂಚಿನವರೆಗೂ ಸಣ್ಣ ಸಣ್ಣ ಕಣ್ಣುಗಳು, ಓರೆಯಾಗಿ ಚಾಚಿಕೊಂಡ ಕಣ್ಣುಗಳು. ಆ ಕಣ್ಣಿನ ಒಳಗೆ ಬಿಡಿ ನರದ ತುಂಡು ಇರೋದಿಲ್ಲ. ಪಾಲಿಪೋಡಿಯಮ್ ಬಳಗದ ಎಷ್ಟೋ ಜರೀಗಿಡಗಳಲ್ಲಿ ಕಣ್ಣಿನ ಒಳಗೆ ಪುಟ್ಟ ಬಿಡಿ ನರ ಕಾಣುತ್ತದೆ. ಇಲ್ಲಿ ಅದು ಇಲ್ಲ.

ಸ್ಟೆನೋಕ್ಲೀನಾ ಪಲುಸ್ಟ್ರಿಸ್‌ನಲ್ಲಿ ನಡುನರಕ್ಕೆ ಅಂಟಿಕೊಂಡ ಹಾಗೆ ಒಂದೇ ಸಾಲು ಇಕ್ಕಟ್ಟಾದ ಕಣ್ಣುಗಳು. ಅಲ್ಲಿಂದ ಆಚೆಗೆ ನರಗಳು ಬಿಡಿಬಿಡಿಯಾಗಿ, ಒತ್ತೊತ್ತಾಗಿ, ಒಂದಕ್ಕೊಂದು ಸಮಾನಾಂತರವಾಗಿ ಅಂಚಿನ ಕಡೆ ಹೋಗುತ್ತವೆ. ಬ್ಲೆಕ್ನಾಪ್ಸಿಸ್‌ನ ಹಸಿರು ಭಾಗದಲ್ಲೂ ಬಿಡಿ ನರಗಳೇ. ಬಿಸಿಲಿಗೆ ಹಿಡಿದ ಒಂದೇ ಒಂದು ಎಲೆ ಸಾಕು, ಈ ಪ್ರಶ್ನೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಸ್ಟೆನೋಕ್ಲೀನಾ ಅಂತ ಅನುಮಾನ ಬಂದರೆ ಇನ್ನೂ ಎರಡು ನೋಡಿ. ಎಲೆಯ ಅಂಚಿನ ಮೇಲೆ ಬೆರಳು ಎಳೆಯಿರಿ. ಸಣ್ಣ ಚೂಪು ಹಲ್ಲುಗಳು ಸಿಗುತ್ತವೆ. ಅಕ್ರೋಸ್ಟಿಕಮ್‌ನ ಅಂಚು ನುಣುಪು. ಆಮೇಲೆ ಬುಡ ನೋಡಿ. ಸ್ಟೆನೋಕ್ಲೀನಾ ಹಬ್ಬುವ ಗಿಡ. ಅದರ ಕಾಂಡ ನೆಲದ ಮೇಲೆ ಉದ್ದಕ್ಕೆ ಹರಿದು, ಮರ ಸಿಕ್ಕರೆ ಮೇಲೂ ಹತ್ತುತ್ತದೆ, ಗರಿಗಳು ಅಂತರ ಬಿಟ್ಟು ಬಿಟ್ಟು ಏಳುತ್ತವೆ. ಅಕ್ರೋಸ್ಟಿಕಮ್‌ನಲ್ಲಿ ಗರಿಗಳೆಲ್ಲ ಒಂದೇ ಬುಡದಿಂದ ಗುಂಪಾಗಿ ಏಳುತ್ತವೆ.

ಬೀಜಕದ ಗರಿಯಂತೂ ಪೂರ್ತಿ ಬೇರೆ. ಸ್ಟೆನೋಕ್ಲೀನಾ ಅದಕ್ಕೆಂದೇ ಬೇರೆ ಗರಿ ಬಿಡುತ್ತದೆ. ಆ ಗರಿಯ ಎಲೆಗಳು ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಅಗಲದ ಪಟ್ಟಿಗಳು. ಹಸಿರು ಎಲೆಯ ಪಕ್ಕದಲ್ಲಿ ಇಟ್ಟರೆ ಒಂದೇ ಗಿಡದ್ದು ಅಂತ ನಂಬೋದೇ ಕಷ್ಟ.

ಹಳೆಹಾಳೆ

ಬ್ಲೆಕ್ನಾಪ್ಸಿಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಅದು ಹಳೆ ಪುಸ್ತಕಗಳಲ್ಲಿ ಬ್ಲೆಕ್ನಮ್ ಓರಿಯೆಂಟಾಲೆ ಅಂತ ಇರುತ್ತದೆ. 2016ರಲ್ಲಿ ಆ ಕುಟುಂಬವನ್ನು ಹೊಸದಾಗಿ ವಿಂಗಡಿಸಿದಾಗ ಬೇರೆ ಕುಲಕ್ಕೆ ಹೋಯಿತು. ಎರಡು ಹೆಸರು ನೋಡಿ ಎರಡು ಗಿಡ ಅಂದುಕೊಳ್ಳಬೇಡಿ.

ಅದನ್ನು ಬೇರ್ಪಡಿಸಲು ಗರಿಯ ಕೆಳಭಾಗ ಸಾಕು. ಕೆಳಕ್ಕೆ ಬಂದ ಹಾಗೆ ಕಿರುಎಲೆಗಳು ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ದಂಟಿಗೆ ಅಂಟಿದ ಪುಟ್ಟ ಕಿವಿಗಳಷ್ಟೇ ಉಳಿಯುತ್ತವೆ. ಮೇಲಿನ ಎಲೆಗಳಿಗೆ ತೊಟ್ಟೇ ಇಲ್ಲ, ನೇರವಾಗಿ ದಂಟಿಗೆ ಕೂತಿರುತ್ತವೆ. ಅಕ್ರೋಸ್ಟಿಕಮ್‌ನ ಕೆಳಗಿನ ಎಲೆಗಳಿಗೆ ಚೆನ್ನಾಗಿ ಕಾಣುವ ತೊಟ್ಟಿದೆ. ಬ್ಲೆಕ್ನಾಪ್ಸಿಸ್‌ನ ಎಲೆ ತಿರುಗಿಸಿದರೆ ನಡುನರದ ಎರಡೂ ಪಕ್ಕ ಒಂದೊಂದು ಉದ್ದ ಗೆರೆಯಾಗಿ ಬೀಜಕ ಇರುತ್ತದೆ, ಅದಕ್ಕೆ ತೆಳು ಪೊರೆಯ ಮುಚ್ಚಳ. ಅಕ್ರೋಸ್ಟಿಕಮ್‌ನಲ್ಲಿ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ, ಮುಚ್ಚಳವೂ ಇಲ್ಲ. ಎಲೆಯ ಅಡಿಭಾಗ ಪೂರ್ತಿ ಬೀಜಕದ ಚೀಲಗಳಿಂದ ಮುಚ್ಚಿ ಹೋಗಿರುತ್ತದೆ.

ಜಾಗವೂ ಬೇರೆ. ಬ್ಲೆಕ್ನಾಪ್ಸಿಸ್ ಸಾಮಾನ್ಯವಾಗಿ ಬಿಸಿಲು ಬೀಳುವ ಇಳಿಜಾರು, ಅಗೆದು ಬಿಟ್ಟ ದಿಬ್ಬ, ರಸ್ತೆ ಬದಿಯ ಮಣ್ಣುಗೋಡೆ ಇಂಥ ಕಡೆ ಸಿಗುವ ಗಿಡ.

ಅಳಿವೆದಂಡೆ

ಹೋಗಿ ಬಂದೆ. ಹೇಳಿದ ಫೋಟೋಗಳನ್ನೆಲ್ಲ ಹಾಕಿದ್ದೇನೆ. ಕಂಡದ್ದನ್ನು ಬರೆದೂ ಇಡುತ್ತೇನೆ, ಫೋಟೋ ಸರಿಯಾಗಿ ತೆರೆಯದವರಿಗೆ ಅನುಕೂಲ.

ಬುಡ: ಗರಿಗಳೆಲ್ಲ ಒಂದೇ ಕಡೆಯಿಂದ ಎದ್ದಿವೆ. ಬುಡದ ಹತ್ತಿರ ಅಗಲವಾದ ಕಂದು ಹೊಟ್ಟುಗಳಿವೆ. ದಂಟಿನ ಮೇಲೆ ಅಲ್ಲಲ್ಲಿ ಕಪ್ಪಗಿನ ಮೊಂಡು ಮುಳ್ಳುಗಳು. ಕೈಗೆ ಚುಚ್ಚಲಿಲ್ಲ, ಆದರೆ ಗಟ್ಟಿಯಾಗಿವೆ.

ನರ: ಬಲೆಯೇ. ಅಂಚಿನವರೆಗೂ ಕಣ್ಣು ಕಣ್ಣು. ಕಣ್ಣಿನ ಒಳಗೆ ಏನೂ ಇಲ್ಲ. ಹಳೆ ಎಲೆಯಲ್ಲಿ ಬೆಳಕು ಹಾಯಲಿಲ್ಲ, ಸ್ವಲ್ಪ ಎಳೆಯದರಲ್ಲಿ ಸ್ಪಷ್ಟವಾಗಿ ಕಂಡಿತು.

ಅಂಚು: ನುಣುಪು.

ಬೀಜಕ: ಎತ್ತರದ ಗರಿಗಳಲ್ಲಿ ತುದಿಯ ಕಡೆಯ ನಾಲ್ಕೈದು ಜೋಡಿ ಎಲೆಗಳಲ್ಲಿ ಮಾತ್ರ. ಅವು ಕೆಳಗಿನ ಎಲೆಗಳಿಗಿಂತ ಸ್ವಲ್ಪ ಚಿಕ್ಕವು. ಅಡಿಭಾಗ ಪೂರ್ತಿ ಇಟ್ಟಿಗೆ ಬಣ್ಣ, ಬೆರಳಿಗೆ ಮಖಮಲ್ಲಿನ ಹಾಗೆ ತಾಗುತ್ತದೆ, ತಿಕ್ಕಿದರೆ ಪುಡಿ ಅಂಟುತ್ತದೆ. ಅದರ ಕೆಳಗಿನ ಎಲೆಗಳೆಲ್ಲ ಬರೀ ಹಸಿರು.

ನೆರಳುಗಿಡ

ಹಾಗಾದರೆ ಸ್ಟೆನೋಕ್ಲೀನಾ ಅಲ್ಲ, ಒಪ್ಪಿದೆ. ಒಂದೇ ಗರಿಯಲ್ಲಿ ಕೆಳಗೆ ಹಸಿರು ಎಲೆ, ಮೇಲೆ ಬೀಜಕದ ಎಲೆ. ಸ್ಟೆನೋಕ್ಲೀನಾದಲ್ಲಿ ಹೀಗೆ ಬರೋದಿಲ್ಲ. ದಂಟಿನ ಮೇಲಿನ ಆ ಮುಳ್ಳು ಏನದು?

ಗರಿಗಣ್ಣು

ಬೆಳೆಯದೆ ಉಳಿದ ಕಿರುಎಲೆಗಳು ಮೇಡಂ. ಎಲೆ ಬರಬೇಕಾದ ಜಾಗದಲ್ಲಿ ಗಟ್ಟಿಯಾದ ಮೊಟಕು ಮಾತ್ರ ಉಳಿದಿದೆ. ಅಕ್ರೋಸ್ಟಿಕಮ್ ದಂಟಿನಲ್ಲಿ ಅದನ್ನು ಹುಡುಕಿದರೆ ಸಿಗುತ್ತದೆ. ಬೀಜಕ ಇಲ್ಲದ ಗಿಡ ಸಿಕ್ಕಾಗ ನನಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಕುಲ ಗಟ್ಟಿಯಾಯಿತು, ಅಕ್ರೋಸ್ಟಿಕಮ್. ಈಗ ಜಾತಿ. ಏಷ್ಯಾ ಕಡೆ ಎರಡರಲ್ಲಿ ಒಂದು ಆಗಬೇಕು, ಆರಿಯಮ್ ಇಲ್ಲವೇ ಸ್ಪೆಸಿಯೋಸಮ್. ನಡುಭಾಗದ ಕಿರುಎಲೆಯ ತುದಿ ಬರೆದಿಲ್ಲ ನೀವು. ಫೋಟೋದಲ್ಲಿ ನನಗೆ ಮೊಂಡಾಗಿ ಕಾಣುತ್ತಿದೆ. ನೀವೇ ನೋಡಿ ಹೇಳಿದರೆ ಒಳ್ಳೆಯದು.

ಉಬ್ಬರಇಳಿತ

ಮಧ್ಯೆ ಬರುತ್ತಿದ್ದೇನೆ. ಜಾಗದಿಂದಲೇ ಹೇಳಬಹುದಲ್ಲ? ಸ್ಪೆಸಿಯೋಸಮ್ ನೀರು ಜಾಸ್ತಿ ಬಂದು ಹೋಗುವ ಕಡೆ, ಆರಿಯಮ್ ಒಳಬದಿಯ ಎತ್ತರದ ನೆಲದಲ್ಲಿ. ಇದು ದೊಡ್ಡ ಉಬ್ಬರಕ್ಕೆ ಮಾತ್ರ ನೀರು ಬರುವ ಕಡೆ ಅಂದಿದ್ದಾರೆ. ಆರಿಯಮ್ ಅಂತ ಬರೆದು ಮುಗಿಸಬಹುದು.

ಗರಿಗಣ್ಣು

ನೀವು ಹೇಳಿದ ಒಲವು ನಿಜ ಸರ್. ಸ್ಪೆಸಿಯೋಸಮ್ ಪದೇ ಪದೇ ಉಬ್ಬರ ಮುಟ್ಟುವ ಕಡೆ ಜಾಸ್ತಿ ಕಾಣುತ್ತದೆ. ಆದರೆ ಒಲವು ಬೇರೆ, ಗುರುತು ಬೇರೆ. ಎರಡೂ ಅಕ್ಕಪಕ್ಕ ಬೆಳೆಯುವ ಜಾಗಗಳಿವೆ. ಅದೂ ಅಲ್ಲದೆ ಕಾಂಡ್ಲಾ ಕಾಡಿನ ನೆಲ ಸಮತಟ್ಟಲ್ಲ. ಥಲಾಸಿನಾ ಅನ್ನುವ ಕೆಸರು ಸಿಗಡಿ ಒಳಗಿನಿಂದ ಮಣ್ಣು ಮೇಲೆ ತಂದು ಹಾಕಿ ದೊಡ್ಡ ದಿಬ್ಬ ಕಟ್ಟುತ್ತದೆ. ದಿಬ್ಬದ ನೆತ್ತಿಗೆ ಉಬ್ಬರ ಏರುವುದು ಅಪರೂಪ. ಆರಿಯಮ್ ಆ ದಿಬ್ಬಗಳ ಮೇಲೆ ಚೆನ್ನಾಗಿ ಬೆಳೆಯುತ್ತದೆ. ಸುತ್ತಲೂ ದಿನಾ ನೀರು ಬರುವ ಕೆಸರು, ನಡುವೆ ದಿಬ್ಬದ ಮೇಲೆ ಆರಿಯಮ್. ದೂರದಿಂದ ನೋಡಿದವರು ನೀರಿನ ನಡುವೆಯೇ ಇದೆ ಅಂತ ಬರೆದುಕೊಳ್ಳುತ್ತಾರೆ.

ಜಾಗ ನೋಡಿ ಹೆಸರು ಹಾಕಿದರೆ ಇನ್ನೊಂದು ತೊಂದರೆ ಇದೆ. ಯಾವ ಗಿಡ ಎಲ್ಲಿ ಬೆಳೆಯುತ್ತದೆ ಅಂತ ತಿಳಿಯಲು ನಾಳೆ ಯಾರೋ ನಮ್ಮ ದಾಖಲೆಗಳನ್ನೇ ತೆಗೆದು ನೋಡುತ್ತಾರೆ. ನಾವು ಜಾಗದಿಂದ ಹೆಸರು ಹಾಕಿ, ಅವರು ಹೆಸರಿನಿಂದ ಜಾಗ ತೆಗೆದರೆ, ಅಲ್ಲಿ ಹೊಸದಾಗಿ ತಿಳಿಯುವುದು ಏನೂ ಇರೋದಿಲ್ಲ. ಇದು ನನಗೆ ನಿಜವಾಗಿ ಕಳವಳ ತರುವ ವಿಷಯ.

ಉಬ್ಬರಇಳಿತ

ಈ ಮಾತು ಒಪ್ಪುತ್ತೇನೆ. ನಾನು ಕಾಂಡ್ಲಾ ಸಸಿ ನೆಡುವ ಕೆಲಸದಲ್ಲಿ ಇರುವವನು, ಅದಕ್ಕೇ ಜಾಗದ ಕಡೆ ಮೊದಲು ಕಣ್ಣು ಹೋಗುತ್ತದೆ. ಈ ಗಿಡದ ಹೆಸರು ನಮಗೂ ಬೇಕು. ಮರ ಕಡಿದು ಬಯಲಾದ ಕಾಂಡ್ಲಾದಲ್ಲಿ ಆರಿಯಮ್ ಬಂದು ನೆಲ ಪೂರ್ತಿ ಮುಚ್ಚಿಬಿಡುತ್ತದೆ. ಆಮೇಲೆ ಕಾಂಡ್ಲಾ ಬೀಜ ಬಿದ್ದರೂ ಬೇರೂರಲು ಜಾಗ ಸಿಗೋದಿಲ್ಲ, ಬೆಳಕೂ ಸಿಗೋದಿಲ್ಲ. ಹಾಗಂತ ಅದನ್ನು ಕಳೆ ಅಂತ ಕರೆಯಲು ನನಗೆ ಮನಸ್ಸಿಲ್ಲ. ಅದು ಅಲ್ಲಿಯ ಗಿಡವೇ. ಮರ ಕಡಿದದ್ದು ಮನುಷ್ಯ.

ಹಳೆಹಾಳೆ

ತುದಿಯ ವಿಷಯಕ್ಕೆ ಬರೋಣ, ಈ ಎರಡನ್ನು ಬೇರ್ಪಡಿಸುವ ಮುಖ್ಯ ಗುರುತು ಅದೇ.

ಆರಿಯಮ್‌ನ ಹಸಿರು ಕಿರುಎಲೆ ತುದಿಯವರೆಗೂ ಹೆಚ್ಚು ಕಡಿಮೆ ಒಂದೇ ಅಗಲ. ತುದಿಯಲ್ಲಿ ಥಟ್ಟನೆ ದುಂಡಗಾಗುತ್ತದೆ, ಇಲ್ಲವೇ ಕತ್ತರಿಸಿದ ಹಾಗೆ ಮೊಂಡಾಗುತ್ತದೆ. ಆ ಮೊಂಡು ತುದಿಯ ನಡುವೆ, ನಡುನರ ಮುಗಿಯುವ ಕಡೆ, ಒಂದು ಪುಟ್ಟ ಮೊನೆ ಚಾಚಿರುತ್ತದೆ. ಕೆಲವೊಮ್ಮೆ ಅದು ಮುರಿದು ಹೋಗಿರುತ್ತದೆ, ಆಗ ತುದಿಯಲ್ಲಿ ಸಣ್ಣ ಕಚ್ಚು ಬಿದ್ದ ಹಾಗೆ ಕಾಣುತ್ತದೆ. ಸ್ಪೆಸಿಯೋಸಮ್‌ನ ಎಲೆ ಹಾಗಲ್ಲ. ತುದಿಗೆ ಹೋದ ಹಾಗೆ ನಿಧಾನವಾಗಿ ಕಿರಿದಾಗುತ್ತಾ ಚೂಪಾಗಿ ಮುಗಿಯುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಗರಿಯ ತುತ್ತ ತುದಿಯ ಎಲೆಗಳನ್ನು ನೋಡಬೇಡಿ. ಆರಿಯಮ್‌ನಲ್ಲೂ ತುದಿಯ ಕಡೆಯ ಎಲೆಗಳು ಕಿರಿದು. ಫೋಟೋ ತೆಗೆಯುವವರು ಸಾಮಾನ್ಯವಾಗಿ ಕಣ್ಣಿಗೆ ಎದುರಾದ ಗರಿಯ ತುದಿಯನ್ನೇ ತೆಗೆಯುತ್ತಾರೆ, ನೋಡಿದವರು ಸ್ಪೆಸಿಯೋಸಮ್ ಅನ್ನುತ್ತಾರೆ. ಚೆನ್ನಾಗಿ ಬೆಳೆದ ಗರಿಯ ನಡುಭಾಗ, ಬೀಜಕ ಇಲ್ಲದ ಹಸಿರು ಎಲೆ, ಅದೂ ಒಂದಲ್ಲ, ನಾಲ್ಕಾರು ಎಲೆ ನೋಡಿ. ಹುಳ ತಿಂದ ತುದಿ, ಒಣಗಿದ ತುದಿ ಬಿಟ್ಟುಬಿಡಿ.

ಎತ್ತರವೂ ಸ್ವಲ್ಪ ಸಹಾಯ ಮಾಡುತ್ತದೆ. ಆರಿಯಮ್ ಗರಿ 1ರಿಂದ 3 ಮೀಟರ್ ಸಾಮಾನ್ಯ, ಒಳ್ಳೆಯ ಜಾಗದಲ್ಲಿ ಇನ್ನೂ ಎತ್ತರ ಹೋಗುತ್ತದೆ. ಸ್ಪೆಸಿಯೋಸಮ್ ಹೆಚ್ಚಾಗಿ 1.5 ಮೀಟರ್ ಒಳಗೇ. ಆಳೆತ್ತರ ಮೀರಿದ ಪೊದೆ ಅಂದರೆ ಆರಿಯಮ್ ಕಡೆಗೇ ತಕ್ಕಡಿ ವಾಲುತ್ತದೆ. ಆದರೆ ಗಿಡ್ಡ ಪೊದೆ ಸಿಕ್ಕರೆ ಎತ್ತರದಿಂದ ಏನೂ ಹೇಳಲಾಗದು, ಅದು ಆರಿಯಮ್‌ನ ಎಳೆ ಗಿಡವೂ ಆಗಿರಬಹುದು.

ಅಳಿವೆದಂಡೆ

ನಡುಭಾಗದ ಎಲೆಗಳ ಫೋಟೋ ಹಿಗ್ಗಿಸಿ ನೋಡಿದೆ. ಹಳೆಹಾಳೆಯವರು ಹೇಳಿದ ಹಾಗೆಯೇ ಇದೆ. ಬಹುತೇಕ ಎಲೆಗಳ ತುದಿ ಮೊಂಡು, ಮಧ್ಯದಲ್ಲಿ ಪುಟ್ಟ ಮೊನೆ. ಒಂದೆರಡು ಎಲೆಗಳಲ್ಲಿ ಮೊನೆ ಇಲ್ಲ, ಕಚ್ಚು ಇದೆ. ಗರಿಯ ತುದಿಯ ಎಲೆಗಳು ಮಾತ್ರ ಕಿರಿದಾಗಿ ಚೂಪಾಗಿವೆ.

ಇದರ ಜೊತೆಗೆ ಇನ್ನೊಂದು ಪ್ರಶ್ನೆ. ಅಲ್ಲಿಂದ ಸ್ವಲ್ಪ ಕೆಳಗೆ, ತೊರೆಯ ಬದಿಯಲ್ಲಿ, ದಿನಾ ನೀರು ಮುಟ್ಟುವ ಕೆಸರಿನಲ್ಲಿ ಗಿಡ್ಡ ಗಿಡಗಳ ಒಂದು ಗುಂಪು ಇದೆ. ಗರಿ ನನ್ನ ಸೊಂಟಕ್ಕಿಂತ ಸ್ವಲ್ಪ ಎತ್ತರ. ಎಲೆಗಳು ಕಿರಿದು. ನಡುಭಾಗದ ಎಲೆಗಳ ತುದಿ ಕೂಡ ಚೂಪು. ಇವು ಆರಿಯಮ್‌ನ ಮರಿಗಳೋ, ಸ್ಪೆಸಿಯೋಸಮ್ಮೋ?

ಗರಿಗಣ್ಣು

ಮೊದಲ ಗಿಡ ಆರಿಯಮ್. ನನಗೆ ಅನುಮಾನ ಉಳಿದಿಲ್ಲ. ನರಬಲೆ, ತೊಟ್ಟಿರುವ ಎಲೆ, ತುದಿಯ ಕಡೆ ಮಾತ್ರ ಬೀಜಕ, ಮೊಂಡು ತುದಿಯಲ್ಲಿ ಮೊನೆ, ಆಳೆತ್ತರ ಮೀರಿದ ಗರಿ, ಎಲ್ಲವೂ ಒಂದೇ ಕಡೆ ಬೊಟ್ಟು ಮಾಡುತ್ತಿವೆ.

ಎರಡನೆಯದಕ್ಕೆ ಒಂದೇ ಪ್ರಶ್ನೆ: ಆ ಗಿಡ್ಡ ಗಿಡಗಳಲ್ಲಿ ಯಾವುದಾದರೂ ಬೀಜಕ ಬಿಟ್ಟಿದೆಯಾ? ಬೀಜಕ ಬಿಟ್ಟಿದ್ದರೆ ಅದು ಬೆಳೆದ ಗಿಡ, ಮರಿ ಅಲ್ಲ. ಸೊಂಟದೆತ್ತರಕ್ಕೇ ಬೀಜಕ ಬಿಟ್ಟು, ನಡುಭಾಗದ ಎಲೆಗಳೂ ಚೂಪಾಗಿದ್ದರೆ ಸ್ಪೆಸಿಯೋಸಮ್ ಅಂತ ಬರೆಯಬಹುದು. ಬೀಜಕ ಇಲ್ಲದಿದ್ದರೆ ಕಾಯಬೇಕು. ಮರಿಗಳ ಮೊದಲ ಎಲೆಗಳು ಸೀಳಿರುವುದೇ ಇಲ್ಲ, ಒಂದೇ ಹಾಳೆ. ಆಮೇಲೆ ಎರಡು ಮೂರು ಜೋಡಿ ಕಿರುಎಲೆ ಬರುತ್ತವೆ. ಆ ವಯಸ್ಸಿನ ಎಲೆಯ ತುದಿ ನೋಡಿ ಜಾತಿ ಹೇಳುವ ಧೈರ್ಯ ನಾನಂತೂ ಮಾಡೋದಿಲ್ಲ.

ಹೊಸಚಿಗುರು

ನಾನು ಹೊಸಬ, ಎಲ್ಲ ಓದುತ್ತಾ ಬಂದೆ. ಬೇರೆ ಖಂಡಗಳಲ್ಲೂ ಇದೇ ಎರಡು ಜಾತಿಗಳಾ? ನನ್ನ ಸ್ನೇಹಿತರೊಬ್ಬರು ಫ್ಲಾರಿಡಾದಿಂದ ಕಳಿಸಿದ ಫೋಟೋದಲ್ಲಿ ಇಡೀ ಗರಿಯೇ ಕಂದು ಬಣ್ಣ ಇದೆ.

ಹಳೆಹಾಳೆ

ಒಳ್ಳೆಯ ಪ್ರಶ್ನೆ. ಆರಿಯಮ್ ಭೂಮಿಯ ಸುತ್ತ ಉಷ್ಣವಲಯದ ಎಲ್ಲ ಕಡೆ ಇದೆ. ಅಮೆರಿಕಾ, ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಅದಕ್ಕೆ ಈ ಹೆಸರು ಕೊಟ್ಟಿದ್ದು. ಸ್ಪೆಸಿಯೋಸಮ್ ಏಷ್ಯಾದಿಂದ ಆಸ್ಟ್ರೇಲಿಯಾ ಕಡೆಗೆ ಹರಡಿದೆ, ಅದನ್ನು ವಿಲ್ಡೆನೋ ಅನ್ನುವ ಸಸ್ಯವಿಜ್ಞಾನಿ 1810ರಲ್ಲಿ ಹೆಸರಿಸಿದ. ಅಮೆರಿಕಾ ಖಂಡಗಳಲ್ಲಿ ಸ್ಪೆಸಿಯೋಸಮ್ ಇಲ್ಲ, ಅಲ್ಲಿ ಆರಿಯಮ್‌ಗೆ ಜೊತೆ ಅಕ್ರೋಸ್ಟಿಕಮ್ ಡೇನಿಫೋಲಿಯಮ್. ನಿಮ್ಮ ಸ್ನೇಹಿತರ ಫೋಟೋ ಬಹುಶಃ ಅದೇ.

ಅಲ್ಲಿ ಗುರುತಿಸೋದು ಇಲ್ಲಿಗಿಂತ ಸುಲಭ. ಡೇನಿಫೋಲಿಯಮ್‌ನ ಬೀಜಕದ ಗರಿಯಲ್ಲಿ ಬುಡದಿಂದ ತುದಿಯವರೆಗೆ ಹೆಚ್ಚು ಕಡಿಮೆ ಎಲ್ಲ ಎಲೆಗಳೂ ಬೀಜಕ ಬಿಡುತ್ತವೆ. ಆರಿಯಮ್‌ನಲ್ಲಿ ಮೇಲಿನ ಕೆಲವು ಮಾತ್ರ. ಡೇನಿಫೋಲಿಯಮ್‌ನ ಎಲೆಗಳು ಒತ್ತೊತ್ತಾಗಿ, ಎಷ್ಟೋ ಸಲ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಆರಿಯಮ್‌ನಲ್ಲಿ ಎಲೆ ಎಲೆಯ ನಡುವೆ ಅಂತರ ಇದೆ. ಬೀಜಕ ಸಿಗದಿದ್ದರೆ ನರಬಲೆ ನೋಡಬೇಕು. ನಡುನರದ ಪಕ್ಕದ ಕಣ್ಣುಗಳ ಉದ್ದ ಅಗಲಕ್ಕಿಂತ 3 ಪಟ್ಟು ಮೀರಿದ್ದರೆ ಡೇನಿಫೋಲಿಯಮ್, ಅಷ್ಟಿಲ್ಲದಿದ್ದರೆ ಆರಿಯಮ್. ಒಂದು ಕಣ್ಣು ಅಳೆದು ಹೇಳುವ ಮಾತಲ್ಲ ಇದು. ಬಹುಪಾಲು ಕಣ್ಣುಗಳು ಹೇಗಿವೆ ಅಂತ ನೋಡಬೇಕು. ಫೋಟೋ ದೊಡ್ಡದು ಮಾಡಿ ಪರದೆಯ ಮೇಲೇ ಅಳೆಯಬಹುದು.

ಡೇನಿಫೋಲಿಯಮ್ ಸಿಹಿನೀರಿನ ಜೌಗಿನಲ್ಲೂ ಒಳನಾಡಿನ ಕಡೆ ಹೋಗುತ್ತದೆ. ಆದರೆ ಗರಿಗಣ್ಣು ಆಗಲೇ ಹೇಳಿದ ಹಾಗೆ, ಅದು ಗುರುತಲ್ಲ.

ಹೊಸಚಿಗುರು

ಧನ್ಯವಾದ ಸರ್. ಇನ್ನೊಂದು ಅನುಮಾನ. ಕುಂಡದಲ್ಲಿ ಆರಿಯಮ್ ಬೆಳೆಸಬೇಕಾದರೆ ಉಪ್ಪುನೀರು ಹಾಕಬೇಕಾ?

ಉಬ್ಬರಇಳಿತ

ಬೇಡ. ಉಪ್ಪು ತಡೆದುಕೊಳ್ಳುತ್ತದೆ ಅಷ್ಟೇ, ಉಪ್ಪು ಬೇಕೇ ಬೇಕು ಅಂತಿಲ್ಲ. ಸಿಹಿನೀರಿನಲ್ಲಿ ಚೆನ್ನಾಗಿ ಬರುತ್ತದೆ. ಬೀಜಕ ಮೊಳೆಯುವುದಕ್ಕಂತೂ ಉಪ್ಪು ಕಡಿಮೆ ಇದ್ದಷ್ಟೂ ಒಳ್ಳೆಯದು. ಮಣ್ಣು ಸದಾ ಒದ್ದೆ ಇರಲಿ, ಬಿಸಿಲು ಬೀಳಲಿ, ಕುಂಡ ದೊಡ್ಡದಿರಲಿ. ದಯವಿಟ್ಟು ಕಾಂಡ್ಲಾದಿಂದ ಕಿತ್ತು ತರಬೇಡಿ.

ಹೊಸಚಿಗುರು

ಖಂಡಿತ ಇಲ್ಲ. ಬೀಜಕದಿಂದಲೇ ಪ್ರಯತ್ನಿಸುತ್ತೇನೆ. ಬೀಜಕ ಹೇಗೆ ಸಂಗ್ರಹಿಸೋದು?

ಗರಿಗಣ್ಣು

ಇಟ್ಟಿಗೆ ಬಣ್ಣಕ್ಕೆ ತಿರುಗಿದ ಒಂದೇ ಒಂದು ಕಿರುಎಲೆ ಸಾಕು, ಅದೂ ಕೀಳಲು ಅನುಮತಿ ಇರುವ ಜಾಗದಲ್ಲಿ. ಮನೆಗೆ ತಂದು ಬಿಳಿ ಕಾಗದದ ಮೇಲೆ ಅಡಿಭಾಗ ಕೆಳಗೆ ಬರುವ ಹಾಗೆ ಮಲಗಿಸಿ. ಗಾಳಿ ಆಡದ ಕಡೆ ಇಡಿ, ಫ್ಯಾನ್ ಹಾಕಬೇಡಿ. ಎಲೆ ಒಣಗುತ್ತಾ ಬಂದ ಹಾಗೆ ಚೀಲಗಳು ಒಡೆದು ಕಾಗದದ ಮೇಲೆ ನುಣ್ಣನೆಯ ಪುಡಿ ಉದುರುತ್ತದೆ. ಒರಟಾಗಿ ಕಾಣುವುದು ಖಾಲಿ ಚೀಲಗಳ ಚೂರು. ಕಾಗದವನ್ನು ಸ್ವಲ್ಪ ವಾಲಿಸಿ ಮೆಲ್ಲಗೆ ತಟ್ಟಿದರೆ ಚೂರುಗಳು ಮೊದಲು ಜಾರಿ ಹೋಗುತ್ತವೆ, ಬೀಜಕ ಹಿಂದೆ ಉಳಿಯುತ್ತದೆ.

ಮೈಕ್ರೋಸ್ಕೋಪ್ ಸಿಕ್ಕಿದರೆ ಆ ಪುಡಿ ನೋಡಿ. ಅಕ್ರೋಸ್ಟಿಕಮ್ ಬೀಜಕದ ಮೇಲೆ ಮೂರು ಕವಲಿನ ಗುರುತು ಇರುತ್ತದೆ. ಸ್ಟೆನೋಕ್ಲೀನಾ, ಬ್ಲೆಕ್ನಾಪ್ಸಿಸ್ ಬೀಜಕಗಳು ಉದ್ದುದ್ದ, ಅವುಗಳ ಮೇಲೆ ಒಂದೇ ಗೆರೆ. ಈ ಎರಡೂ ಒಂದೇ ಕುಟುಂಬ, ಅಕ್ರೋಸ್ಟಿಕಮ್ ಬೇರೆ ಕುಟುಂಬ. ಹೊರನೋಟ ಎಷ್ಟೇ ಹೋಲಲಿ, ಅಕ್ರೋಸ್ಟಿಕಮ್‌ಗೆ ನಿಜವಾದ ಹತ್ತಿರದ ನೆಂಟ ಸೆರಾಟಾಪ್ಟೆರಿಸ್. ಅದು ನೀರಿನಲ್ಲಿ ಬೆಳೆಯುವ, ಸೀಳು ಸೀಳು ಎಲೆಯ ಮೆತ್ತಗಿನ ಪುಟ್ಟ ಜರೀಗಿಡ. ಮೊದಲ ಸಲ ಓದಿದಾಗ ನನಗೆ ಬಹಳ ಆಶ್ಚರ್ಯ ಆಗಿತ್ತು, ಈಗಲೂ ಆಗುತ್ತದೆ.

ಅಳಿವೆದಂಡೆ

ಇಳಿತ ನೋಡಿಕೊಂಡು ಮತ್ತೆ ಹೋಗಿದ್ದೆ. ತೊರೆಯ ಬದಿಯ ಗಿಡ್ಡ ಗುಂಪಿನಲ್ಲಿ ಎರಡು ಬುಡಗಳು ಬೀಜಕ ಬಿಟ್ಟಿವೆ! ಗರಿಯ ಮೇಲಿನ ಮೂರನೇ ಒಂದು ಭಾಗದಲ್ಲಿ ಕಂದು ಎಲೆಗಳು, ಕೆಳಗೆ ಹಸಿರು. ಗರಿ ಅಳೆದೆ, ನೆಲದಿಂದ 1.2 ಮೀಟರ್. ನಡುಭಾಗದ ಹಸಿರು ಎಲೆಗಳನ್ನು ಒಂದೊಂದಾಗಿ ನೋಡಿದೆ. ಎಲ್ಲವೂ ನಿಧಾನವಾಗಿ ಕಿರಿದಾಗಿ ಚೂಪಾಗಿ ಮುಗಿಯುತ್ತವೆ. ಮೊಂಡು ತುದಿ ಒಂದೂ ಇಲ್ಲ. ನರಬಲೆ ಅದೇ ಥರ. ಅಳತೆಗೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದಿದ್ದೇನೆ.

ಅದೇ ಗುಂಪಿನ ಅಂಚಿನಲ್ಲಿ ಒಂದಷ್ಟು ತೀರಾ ಸಣ್ಣ ಗಿಡಗಳಿವೆ, ಮೂರು ನಾಲ್ಕು ಜೋಡಿ ಎಲೆಗಳವು. ಬೀಜಕ ಇಲ್ಲ.

ಹಳೆಹಾಳೆ

ಫೋಟೋ ಬಹಳ ಚೆನ್ನಾಗಿವೆ. ಬೀಜಕ ಬಿಟ್ಟ ಎರಡು ಬುಡಗಳು ಸ್ಪೆಸಿಯೋಸಮ್. ನಡುಭಾಗದ ಎಲೆಯ ತುದಿ, ಬೀಜಕ, ಎತ್ತರ ಮೂರೂ ಒಟ್ಟಿಗೆ ಸಿಕ್ಕಿವೆ. ಸಣ್ಣ ಗಿಡಗಳನ್ನು ಅಕ್ರೋಸ್ಟಿಕಮ್ ಅಂತ ಮಾತ್ರ ಬರೆಯಿರಿ, ಜಾತಿ ಖಾಲಿ ಬಿಡಿ. ಸ್ಪೆಸಿಯೋಸಮ್ ಪಕ್ಕದಲ್ಲಿದೆ ಅಂತ ಅದೂ ಸ್ಪೆಸಿಯೋಸಮ್ ಆಗಬೇಕಿಲ್ಲ, ಬೀಜಕ ಗಾಳಿಯಲ್ಲಿ ಎಲ್ಲಿಂದ ಬೇಕಾದರೂ ಬಂದಿರಬಹುದು.

ನೆರಳುಗಿಡ

ಎರಡೂ ಜಾತಿ ಒಂದೇ ಕಡೆ ಸಿಕ್ಕಿದ್ದು ಖುಷಿಯಾಯಿತು. ಅಕ್ಕಪಕ್ಕ ಇಟ್ಟು ತುದಿಗಳನ್ನು ತೋರಿಸುವ ಒಂದು ಫೋಟೋ ಮಾಡಿ ಹಾಕುತ್ತೀರಾ? ಬರೀ ಓದಿ ತಿಳಿಯೋದಕ್ಕಿಂತ ಅದು ಒಳ್ಳೆಯದು. ನನ್ನ ಹಳೆಯ ಫೋಟೋಗಳಲ್ಲೂ ಹೆಸರು ಖಚಿತವಾಗದವು ಇವೆ, ಅವನ್ನು ಪಕ್ಕದಲ್ಲಿಟ್ಟು ನೋಡಬಹುದು.

ಅಳಿವೆದಂಡೆ

ಖಂಡಿತ ಮಾಡುತ್ತೇನೆ. ಎರಡರಿಂದಲೂ ಬಿದ್ದುಹೋದ ಗರಿಗಳ ನಡುಭಾಗದ ಎಲೆ ತಂದಿದ್ದೇನೆ. ಕಾಗದದ ನಡುವೆ ಒತ್ತಿ ಒಣಗಿಸಲು ನೋಡುತ್ತಿದ್ದೇನೆ, ದಪ್ಪ ಇರುವುದರಿಂದ ಬೇಗ ಒಣಗುತ್ತಿಲ್ಲ.

ಹಳೆಹಾಳೆ

ದಿನಾ ಕಾಗದ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಂದು ಎಲೆಯ ಮೇಲ್ಭಾಗ ಕಾಣುವ ಹಾಗೆ, ಇನ್ನೊಂದರ ಅಡಿಭಾಗ ಕಾಣುವ ಹಾಗೆ ಒತ್ತಿ. ತುದಿಯ ಮೊನೆ ಒಣಗಿದ ಮೇಲೆ ಬೇಗ ಮುರಿಯುತ್ತದೆ, ಅದಕ್ಕೇ ಒಣಗಿಸುವ ಮೊದಲೇ ಹಸಿ ಎಲೆಯ ಫೋಟೋ ತೆಗೆದಿಡಿ. ಚೀಟಿಯಲ್ಲಿ ಗರಿಯ ಒಟ್ಟು ಉದ್ದ, ಬೀಜಕದ ಎಲೆ ಎಷ್ಟು ಜೋಡಿ, ಎಲೆ ಗರಿಯ ಯಾವ ಭಾಗದ್ದು, ಉಬ್ಬರದ ನೀರು ಅಲ್ಲಿಗೆ ಎಷ್ಟು ಸಲ ಬರುತ್ತದೆ, ಇಷ್ಟನ್ನು ಬರೆಯಿರಿ. ಒಣಗಿದ ಎಲೆ ನೋಡಿ ಇವು ಯಾವುದೂ ಆಮೇಲೆ ತಿಳಿಯೋದಿಲ್ಲ.

ಉಬ್ಬರಇಳಿತ

ಎರಡು ಗುಂಪುಗಳ ನಡುವೆ ನೆಲದ ಎತ್ತರ ಎಷ್ಟು ವ್ಯತ್ಯಾಸ ಇದೆ ಅಂತ ಒಂದು ಕೋಲು ಹಿಡಿದು ಅಳೆದು ಕೊಟ್ಟರೆ ನನಗೆ ಬಹಳ ಉಪಕಾರ. ಹೆಸರು ಎಲೆಯಿಂದ ಬಂತು, ಈಗ ಜಾಗದ ಲೆಕ್ಕ ಬರೆದುಕೊಳ್ಳಲು ಅಡ್ಡಿ ಇಲ್ಲ.

ಅಳಿವೆದಂಡೆ

ಮುಂದಿನ ದೊಡ್ಡ ಉಬ್ಬರದ ದಿನ ಎರಡೂ ಕಡೆ ಕೋಲು ನೆಟ್ಟು, ನೀರು ಎಲ್ಲಿಯವರೆಗೆ ಬಂತು ಅಂತ ಗುರುತು ಹಾಕಿ ಇಲ್ಲೇ ಬರೆಯುತ್ತೇನೆ. ಅಷ್ಟರಲ್ಲಿ ಆ ಸಣ್ಣ ಗಿಡಗಳ ಹತ್ತಿರವೂ ಒಂದು ಕೋಲು ನೆಟ್ಟಿರುತ್ತೇನೆ. ಅವು ಬೀಜಕ ಬಿಟ್ಟ ಮೇಲೆ ಹೆಸರು ಸೇರಿಸೋಣ.